ಕಂಬ ತೆರೆಯಿತೆ ಎಂದು ಕೇಳುವ ಯಂತ್ರ

ಗಣೇಶನ ಹಬ್ಬದ ಚಪ್ಪರದಲ್ಲಿ ಈ ದೃಶ್ಯವನ್ನು ನೀವು ನೋಡಿಯೇ ಇರುತ್ತೀರಿ. ಒಂದು ಕಡೆ ಗದೆ ಹಿಡಿದ ಹಿರಣ್ಯಕಶಿಪು, ಎದುರಿಗೆ ಕೈಮುಗಿದು ನಿಂತ ಪುಟ್ಟ ಪ್ರಹ್ಲಾದ, ನಡುವೆ ಒಂದು ಕಂಬ. ಧ್ವನಿವರ್ಧಕದಲ್ಲಿ ಗುಡುಗಿನ ಸದ್ದು. ದೀಪಗಳು ಮಂಕಾಗುತ್ತವೆ, ಮಿಂಚು ಹೊಳೆಯುತ್ತದೆ, ಕಂಬ ಎರಡು ಹೋಳಾಗಿ ಬಾಯಿ ತೆರೆಯುತ್ತದೆ, ಕೆಂಪು ಬೆಳಕಿನಲ್ಲಿ ನರಸಿಂಹ ಮೆಲ್ಲಗೆ ಮೇಲೇಳುತ್ತಾನೆ. ಅರ್ಧ ನಿಮಿಷದ ನಂತರ ಎಲ್ಲವೂ ಹಿಂದಕ್ಕೆ ಸರಿದು ಕಂಬ ಮುಚ್ಚಿಕೊಳ್ಳುತ್ತದೆ. ಹೊಸದಾಗಿ ಬಂದ ಪ್ರೇಕ್ಷಕರಿಗಾಗಿ ಕತೆ ಮತ್ತೆ ಮೊದಲಿನಿಂದ ಪ್ರಾರಂಭ. ಸಂಜೆ ಆರರಿಂದ ರಾತ್ರಿ ಹತ್ತರೊಳಗೆ ಪಾಪ, ಹಿರಣ್ಯಕಶಿಪುವಿಗೆ ಇನ್ನೂರು ಸಲವಾದರೂ ಈ ಗತಿ ತಪ್ಪಿದ್ದಲ್ಲ.

ಇಲ್ಲಿ ಬೊಂಬೆಯನ್ನು ಎತ್ತುವುದು ಒಂದು ಮೋಟಾರು, ಕಂಬದ ಹೋಳುಗಳನ್ನು ಸರಿಸುವುದು ಇನ್ನೊಂದು ಮೋಟಾರು. ದೀಪಗಳದು ಬೇರೆಯೇ ಸಾಲು. ಇವೆಲ್ಲ ನಮ್ಮ ಮೈಯ ಸ್ನಾಯುಗಳಿದ್ದಂತೆ; ಬಲವುಂಟು, ಬುದ್ಧಿಯಿಲ್ಲ. ಹಾಗಾದರೆ 'ಈಗ ನೀನು, ಇನ್ನು ನಿನ್ನದು ಸಾಕು, ಮುಂದೆ ಅವನು' ಎಂದು ಆಜ್ಞೆ ಕೊಡುವವರು ಯಾರು? ಪರದೆಯ ಹಿಂದೆ ಇಣುಕಿ ನೋಡಿದರೆ ಅಲ್ಲಿ ಒಂದು ಪೆಟ್ಟಿಗೆ ಕಾಣುತ್ತದೆ. ಅದೇ ನಿಯಂತ್ರಕ. ಯಾವ ಕೆಲಸದ ನಂತರ ಯಾವ ಕೆಲಸ ಎಂಬ ಪಟ್ಟಿಯನ್ನು ಅದರೊಳಗೆ ಬರೆದಿಡಬಹುದು, ಬೇಡವೆನಿಸಿದಾಗ ಅಳಿಸಿ ಬೇರೊಂದನ್ನು ಬರೆಯಬಹುದು ಎಂದಾದರೆ ಅದು ಪ್ರೋಗ್ರಾಮಬಲ್ ಕಂಟ್ರೋಲರ್. ಪಟ್ಟಿಗೆ ಕ್ರಮವಿಧಿ ಎಂದು ಹೆಸರು.

ಇಂಥ ಪೆಟ್ಟಿಗೆಯನ್ನು ಕಂಡಾಗ ಮೊದಲು ಕೇಳಬೇಕಾದ ಪ್ರಶ್ನೆ ಅದರ ಬೆಲೆಯಲ್ಲ, ವೇಗವೂ ಅಲ್ಲ. ಇದು ಬರಿಯ ಗಡಿಯಾರವನ್ನು ನೋಡಿಕೊಂಡು ಆಜ್ಞೆ ಕೊಡುತ್ತದೆಯೋ ಅಥವಾ ರಂಗದ ಮೇಲೆ ನಿಜವಾಗಿ ಏನು ನಡೆಯುತ್ತಿದೆ ಎಂಬುದನ್ನೂ ಗಮನಿಸುತ್ತದೆಯೋ? ಎರಡಕ್ಕೂ ಇರುವ ಅಂತರ ಎಷ್ಟು ದೊಡ್ಡದು ಎಂಬುದು ಚಲಿಸುವ ಬೊಂಬೆಗಳ ಚರಿತ್ರೆಯನ್ನು ಸ್ವಲ್ಪ ನೋಡಿದರೆ ತಿಳಿಯುತ್ತದೆ.

ಕಾಳು, ಹಗ್ಗ, ಕಬ್ಬಿಣ

ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯ ಪಟ್ಟಣದಲ್ಲಿ ಹೀರೋ ಎಂಬ ಗ್ರೀಕ್ ಯಂತ್ರಜ್ಞನಿದ್ದ. ತಾನಾಗಿ ಚಲಿಸುವ ಬೊಂಬೆಯಾಟಗಳನ್ನು ಕುರಿತು ಅವನು ಬರೆದ ಗ್ರಂಥ ನಮಗೆ ಉಳಿದುಬಂದಿದೆ. ಅದರಲ್ಲಿ ವರ್ಣಿಸಿರುವ ಒಂದು ಪುಟ್ಟ ಬಂಡಿ ತಾನೇ ಉರುಳಿ ಬಂದು ನಿಲ್ಲುತ್ತದೆ. ಅದರ ಮೇಲಿನ ವೇದಿಕೆಯಲ್ಲಿ ಬೆಂಕಿ ಹೊತ್ತಿಕೊಳ್ಳುತ್ತದೆ, ಬೊಂಬೆಗಳು ಸುತ್ತುತ್ತವೆ. ಆಟ ಮುಗಿದ ಮೇಲೆ ಬಂಡಿ ಹಿಂದಕ್ಕೆ ಹೋಗುತ್ತದೆ. ಇದಕ್ಕೆ ಶಕ್ತಿ ಎಲ್ಲಿಂದ? ಎತ್ತರದ ಕೊಳವೆಯೊಂದರಲ್ಲಿ ನವಣೆಯಂಥ ಸಣ್ಣ ಕಾಳನ್ನೋ ಸಾಸಿವೆಯನ್ನೋ ತುಂಬಿ ಅದರ ಮೇಲೆ ಸೀಸದ ಗುಂಡನ್ನು ಇಡುತ್ತಾರೆ. ತಳದ ರಂಧ್ರದಿಂದ ಕಾಳು ಸುರಿದಂತೆಲ್ಲ ಗುಂಡು ಒಂದೇ ಹದದಲ್ಲಿ ಕೆಳಗಿಳಿಯುತ್ತದೆ, ತನಗೆ ಕಟ್ಟಿದ ಹಗ್ಗವನ್ನು ಎಳೆಯುತ್ತದೆ. ಹಗ್ಗದ ಇನ್ನೊಂದು ತುದಿ ಚಕ್ರದ ಅಚ್ಚಿಗೆ ಸುತ್ತಿಕೊಂಡಿದೆ.

ಜಾಣತನವಿರುವುದು ಈ ಸುತ್ತಿನಲ್ಲಿ. ಬಲಕ್ಕೆ ಸುತ್ತಿದರೆ ಬಂಡಿ ಮುಂದೆ ಹೋಗುತ್ತದೆ. ಅಚ್ಚಿನ ಮೇಲಿನ ಗೂಟವೊಂದಕ್ಕೆ ಹಗ್ಗವನ್ನು ಸಿಕ್ಕಿಸಿ ಎಡಕ್ಕೆ ಸುತ್ತಿದರೆ ಬಂಡಿ ಹಿಂದೆ ಬರುತ್ತದೆ. ನಡುವೆ ಹಗ್ಗವನ್ನು ಸಡಿಲ ಬಿಟ್ಟರೆ ಆ ಸಡಿಲು ಎಳೆದು ಮುಗಿಯುವವರೆಗೆ ಬಂಡಿ ನಿಂತಿರುತ್ತದೆ. ಹಗ್ಗವನ್ನು ಬಿಚ್ಚಿ ಬೇರೆ ರೀತಿಯಲ್ಲಿ ಸುತ್ತಿದರೆ ಆಟವೇ ಬೇರೆ. ಇದನ್ನು ಕ್ರಮವಿಧಿ ಎನ್ನದೆ ಬೇರೇನು ಹೇಳೋಣ? ಎರಡು ಸಾವಿರ ವರ್ಷದ ಹಿಂದೆಯೇ ಸ್ನಾಯುವನ್ನೂ ಪಟ್ಟಿಯನ್ನೂ ಬೇರ್ಪಡಿಸಿದ ಆ ಮನುಷ್ಯನನ್ನು ನಮ್ಮ ಪಠ್ಯಪುಸ್ತಕಗಳು ತ್ರಿಭುಜದ ವಿಸ್ತೀರ್ಣದ ಸೂತ್ರಕ್ಕೆ ಮಾತ್ರ ನೆನೆಯುತ್ತವೆ!

ಹತ್ತಿರದ ಉದಾಹರಣೆ ಬೇಕೆ? ನಮ್ಮ ಅನೇಕ ದೇವಸ್ಥಾನಗಳಲ್ಲಿ ಮಂಗಳಾರತಿಯ ಹೊತ್ತಿಗೆ ಸ್ವಿಚ್ಚು ಹಾಕಿದೊಡನೆ ನಗಾರಿ, ಜಾಗಟೆ, ಗಂಟೆಗಳನ್ನು ಒಟ್ಟಿಗೆ ಬಾರಿಸುವ ಯಂತ್ರವಿರುತ್ತದೆ. ಒಂದೇ ಮೋಟಾರು, ಅದರಿಂದ ತಿರುಗುವ ಒಂದು ದಂಡ. ದಂಡದ ಮೇಲೆ ಅಲ್ಲಲ್ಲಿ ಮೊಳೆತ ಉಬ್ಬುಗಳು ಕೋಲುಗಳನ್ನು ಎತ್ತಿ ಬಿಡುತ್ತವೆ. ಇಂಥ ಉಬ್ಬಿಗೆ ಕ್ಯಾಮು ಎಂದು ಹೆಸರು. ಲಯವೆಲ್ಲ ಆ ಕಬ್ಬಿಣದ ಆಕಾರದಲ್ಲೇ ಅಡಗಿದೆ. ಲಯವನ್ನು ಬದಲಿಸಬೇಕೆಂದರೆ ಅರ್ಚಕರು ವೆಲ್ಡಿಂಗ್ ಅಂಗಡಿಯವನನ್ನು ಕರೆಸಬೇಕಾದೀತು.

ದೀಪಗಳಿಗೂ ಇದೇ ಉಪಾಯ ಬಹುಕಾಲ ನಡೆಯಿತು. ಹಳೆಯ ಜಾತ್ರೆಗಳಲ್ಲಿ 'ಓಡುವ ದೀಪ'ಗಳ ಹಿಂದೆ ಮರದ ಒಂದು ಉರುಳೆ ತಿರುಗುತ್ತಿತ್ತು. ಉರುಳೆಯ ಮೈಮೇಲೆ ತಾಮ್ರದ ಪಟ್ಟಿಗಳು. ಅವನ್ನು ಸವರುವಂತೆ ಲೋಹದ ನಾಲಗೆಗಳ ಒಂದು ಸಾಲು. ನಾಲಗೆ ತಾಮ್ರವನ್ನು ಮುಟ್ಟಿದಷ್ಟು ಹೊತ್ತು ಅದರ ಸಾಲಿನ ಬಲ್ಬುಗಳು ಉರಿಯುತ್ತವೆ. ಪಟ್ಟಿ ಉದ್ದವಾದರೆ ಬೆಳಕು ಹೆಚ್ಚು ಹೊತ್ತು, ಗಿಡ್ಡವಾದರೆ ಮಿಣುಕು. ಪಟ್ಟಿಗಳನ್ನು ಮೆಟ್ಟಿಲಿನಂತೆ ಒಂದರ ಪಕ್ಕ ಒಂದನ್ನು ಜಾರಿಸಿ ಅಂಟಿಸಿದರೆ ಬೆಳಕು ಓಡಿದಂತೆ ಕಾಣುತ್ತದೆ. ಬಲ್ಬು ಯಾವುದೂ ಓಡುವುದಿಲ್ಲ. ಓಡುವುದು ನಮ್ಮ ಕಣ್ಣು.

ಹಾಡುವ ಹಕ್ಕಿಗಳು

1963ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಡಿಸ್ನಿಲ್ಯಾಂಡಿನಲ್ಲಿ ಒಂದು ವಿಚಿತ್ರ ಕೋಣೆ ತೆರೆಯಿತು. ಅದರಲ್ಲಿ ಹಕ್ಕಿಗಳು, ಹೂಗಳು, ಕೆತ್ತನೆಯ ಮುಖಗಳು ಎಲ್ಲವೂ ಹಾಡುತ್ತವೆ. ಹಾಡಿನ ಅಕ್ಷರಕ್ಕೆ ಸರಿಯಾಗಿ ಕೊಕ್ಕು ತೆರೆದು ಮುಚ್ಚುತ್ತದೆ. ಮರುವರ್ಷ ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಇದೇ ಸಂಸ್ಥೆಯವರು ಅಬ್ರಹಾಂ ಲಿಂಕನ್ನರ ಬೊಂಬೆಯನ್ನು ಕುರ್ಚಿಯಿಂದ ಎಬ್ಬಿಸಿ ಭಾಷಣ ಮಾಡಿಸಿದರು.

ಹಕ್ಕಿಗಳ ಗುಟ್ಟು ಧ್ವನಿಮುದ್ರಣದ ಕಾಂತಪಟ್ಟಿಯಲ್ಲಿತ್ತು. ಒಂದೇ ಟೇಪಿನ ಕೆಲವು ಹಾದಿಗಳಲ್ಲಿ ಹಾಡು, ಬೇರೆ ಹಾದಿಗಳಲ್ಲಿ ಪ್ರೇಕ್ಷಕರ ಕಿವಿಗೆ ಬೀಳದ ಸಂಕೇತ ಸ್ವರಗಳು. ಒಂದು ಸ್ವರ ಬಂದಾಗ ಅದಕ್ಕೆ ಹೊಂದಿದ ಲೋಹದ ಸಣ್ಣ ನಾಲಗೆ ಕಂಪಿಸುತ್ತದೆ. ಅನುರಣನ ಎಂದು ಭೌತವಿಜ್ಞಾನದಲ್ಲಿ ಓದಿದ್ದೀರಲ್ಲ, ಅದೇ. ಕಂಪನದಿಂದ ಒಂದು ವಿದ್ಯುನ್ಮಂಡಲ ಕೂಡಿಕೊಂಡು ರಿಲೇ ಎಳೆಯುತ್ತದೆ, ಕವಾಟ ತೆರೆಯುತ್ತದೆ, ಒತ್ತಡದ ಗಾಳಿ ನುಗ್ಗಿ ಕೊಕ್ಕು ತೆರೆಯುತ್ತದೆ. ಹಾಡೂ ಆಜ್ಞೆಯೂ ಒಂದೇ ಟೇಪಿನಲ್ಲಿ ಇರುವುದರಿಂದ ಅವು ಹಿಂದುಮುಂದಾಗುವ ಮಾತೇ ಇಲ್ಲ. ಕಬ್ಬಿಣವನ್ನು ಕೊರೆಯದೆ, ಟೇಪನ್ನು ಬದಲಿಸಿ ಆಟವನ್ನು ಬದಲಿಸಬಹುದು. ಇದೊಂದು ದೊಡ್ಡ ಹೆಜ್ಜೆ.

ಆದರೂ ಹೀರೋನ ಹಗ್ಗ, ದೇವಸ್ಥಾನದ ದಂಡ, ತಾಮ್ರದ ಉರುಳೆ, ಡಿಸ್ನಿಯ ಟೇಪು ಈ ನಾಲ್ಕೂ ಒಂದು ವಿಷಯದಲ್ಲಿ ಅಣ್ಣತಮ್ಮಂದಿರು. ಯಾವುದಕ್ಕೂ ಕಣ್ಣಿಲ್ಲ. 'ಕೊಕ್ಕು ತೆರೆ' ಎಂದು ಟೇಪು ಹೇಳುತ್ತದೆ. ಕೊಕ್ಕು ತೆರೆಯಿತೇ ಇಲ್ಲವೇ ಎಂದು ಕೇಳದೆ ಮುಂದೆ ಹೋಗುತ್ತದೆ. ಹಕ್ಕಿಯ ಕೊಕ್ಕಾದರೆ ಅಂಥ ನಷ್ಟವೇನೂ ಇಲ್ಲ. ನಮ್ಮ ನರಸಿಂಹನ ಕತೆ ಹಾಗಲ್ಲ.

ಸಂಜೆಯ ವೋಲ್ಟೇಜು

ಚಪ್ಪರದ ದೃಶ್ಯವನ್ನು ಉರುಳೆಯಿಂದ ನಡೆಸುತ್ತಿದ್ದಾರೆ ಎಂದುಕೊಳ್ಳಿ. ಹಗಲು ಹೊತ್ತಿನಲ್ಲಿ ಪರೀಕ್ಷಿಸಿದಾಗ ಕಂಬ ಪೂರ್ತಿ ತೆರೆಯಲು 6 ಸೆಕೆಂಡು ಬೇಕಾಯಿತು. ಭದ್ರತೆಗೆಂದು ಒಂದು ಸೆಕೆಂಡು ಹೆಚ್ಚಿಗೆ ಸೇರಿಸಿ, 7ನೆಯ ಸೆಕೆಂಡಿಗೆ ನರಸಿಂಹನ ಮೋಟಾರು ಪ್ರಾರಂಭವಾಗುವಂತೆ ತಾಮ್ರದ ಪಟ್ಟಿ ಅಂಟಿಸಿದರು. ಎಲ್ಲವೂ ಸರಿಯಾಗಿದೆ.

ಸಂಜೆಯಾಗುತ್ತದೆ. ಬೀದಿಯ ಎಲ್ಲ ಮನೆಗಳ ದೀಪ, ಪಂಪು, ಚಪ್ಪರದ ಸೀರಿಯಲ್ ಸೆಟ್ಟುಗಳು ಒಟ್ಟಿಗೆ ಹೊತ್ತಿ 230 ಇರಬೇಕಾದ ವೋಲ್ಟೇಜು 180ಕ್ಕೆ ಇಳಿಯುತ್ತದೆ. ಕಂಬವನ್ನು ಎಳೆಯುವುದು ನೇರ ವಿದ್ಯುತ್ತಿನ ಮೋಟಾರು. ವೋಲ್ಟೇಜು ಇಳಿದರೆ ಅದರ ವೇಗವೂ ಇಳಿಯುತ್ತದೆ. ಆದರೆ ಉರುಳೆಯನ್ನು ತಿರುಗಿಸುವುದು ಗಡಿಯಾರಗಳಲ್ಲಿರುವಂಥ ಸಿಂಕ್ರೊನಸ್ ಮೋಟಾರು. ಅದು ವೋಲ್ಟೇಜನ್ನು ಲೆಕ್ಕಿಸುವುದಿಲ್ಲ. ಸೆಕೆಂಡಿಗೆ 50 ಆವರ್ತನದ ಲಯವನ್ನು ಹಿಡಿದು ಹಗಲಿನ ವೇಗದಲ್ಲೇ ಸುತ್ತುತ್ತದೆ. ಪರಿಣಾಮ? ಕಂಬ ಇನ್ನೂ ಅರೆಬರೆ ತೆರೆದಿರುವಾಗಲೇ 7ನೆಯ ಸೆಕೆಂಡು ಬಂದುಬಿಡುತ್ತದೆ. ನರಸಿಂಹ ಮೇಲೇಳುತ್ತಾನೆ, ತಲೆ ಕಂಬಕ್ಕೆ ಬಡಿಯುತ್ತದೆ. ಕಾಗದದ ಮುದ್ದೆಯ ಕಿರೀಟ ಮುರಿದರೆ ಅದು ಪುಣ್ಯ. ಮೋಟಾರು ಸಿಕ್ಕಿಕೊಂಡು ತಿರುಗಲಾರದೆ ನಿಂತರೆ ಅದರ ಸುರುಳಿಗಳಲ್ಲಿ ವಿದ್ಯುತ್ತು ಹಲವು ಪಟ್ಟು ಏರುತ್ತದೆ, ಕಾಯುತ್ತದೆ, ಹೊಗೆಯಾಡುತ್ತದೆ. ಸುತ್ತಲೂ ಇರುವುದು ಬಟ್ಟೆ, ಬಿದಿರು, ಥರ್ಮೋಕೋಲು. ಮುಂದಿನದನ್ನು ವಿವರಿಸಬೇಕಾಗಿಲ್ಲ.

ಇಲ್ಲಿ ತಪ್ಪು ಲೆಕ್ಕದ್ದಲ್ಲ. ಕಂಬ ತೆರೆದಿದೆಯೇ ಎಂಬುದನ್ನು ತಿಳಿಯಬೇಕಾಗಿದ್ದ ಯಂತ್ರಕ್ಕೆ 7 ಸೆಕೆಂಡು ಕಳೆಯಿತೇ ಎಂಬುದಷ್ಟೇ ತಿಳಿದಿತ್ತು. ಕಾಲವನ್ನು ಸ್ಥಿತಿಯ ಬದಲಿಗೆ ಇಟ್ಟುಕೊಂಡರೆ ಹೀಗೆ ಆಗುತ್ತದೆ.

ನಮ್ಮ ವೃತ್ತಿ ನಾಟಕ ಕಂಪನಿಗಳವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಟ್ರಿಕ್ ಸೀನುಗಳಲ್ಲಿ ಹಗ್ಗ ಹಿಡಿದು ಪಕ್ಕದ ಪರದೆಯ ಮರೆಯಲ್ಲಿ ನಿಂತವನು ಗಡಿಯಾರ ನೋಡುತ್ತಿರಲಿಲ್ಲ. ನಟನ ಮಾತು ಮುಗಿಯಿತೆ, ಅವನು ಗುರುತಿನ ಜಾಗಕ್ಕೆ ಬಂದು ನಿಂತನೆ, ಎದುರು ಪಕ್ಕದವನು ತಲೆಯಾಡಿಸಿದನೆ, ಇವಿಷ್ಟನ್ನು ನೋಡಿಯೇ ಹಗ್ಗ ಎಳೆಯುತ್ತಿದ್ದ. ನಟ ಒಂದು ಕಂದವನ್ನು ಪ್ರೇಕ್ಷಕರ 'ಒನ್ಸ್ ಮೋರ್' ಕೂಗಿಗೆ ಮಣಿದು ಎರಡು ಸಲ ಹಾಡಿದರೂ ದೃಶ್ಯ ಕೆಡುತ್ತಿರಲಿಲ್ಲ. ನಮಗೆ ಬೇಕಾದದ್ದು ಈ ಹಗ್ಗದವನ ಬುದ್ಧಿಯುಳ್ಳ ಪೆಟ್ಟಿಗೆ.

ಕಾರಿನ ಕಾರ್ಖಾನೆಯಿಂದ ಬಂದ ಏಣಿ

ಅದು ಬಂದದ್ದು ರಂಗಭೂಮಿಯಿಂದಲ್ಲ, ಮೋಟಾರು ಕಾರಿನ ಕಾರ್ಖಾನೆಯಿಂದ. 1960ರ ದಶಕದಲ್ಲಿ ದೊಡ್ಡ ಕಾರ್ಖಾನೆಗಳ ಯಂತ್ರಗಳನ್ನು ರಿಲೇಗಳು ನಡೆಸುತ್ತಿದ್ದವು. ರಿಲೇ ಎಂದರೆ ವಿದ್ಯುತ್ಕಾಂತದಿಂದ ಎಳೆಯಲ್ಪಡುವ ಸ್ವಿಚ್ಚು. ಇಂಥ ರಿಲೇಗಳನ್ನು ಗೋಡೆಯಷ್ಟು ದೊಡ್ಡ ಬೀರುಗಳಲ್ಲಿ ಜೋಡಿಸಿ ತಂತಿಗಳಿಂದ ಹೆಣೆಯುತ್ತಿದ್ದರು. ಹೊಸ ಮಾದರಿಯ ಕಾರು ಬಂದಾಗಲೆಲ್ಲ ತಂತಿಗಳನ್ನು ಬಿಚ್ಚಿ ಹೊಸದಾಗಿ ಹೆಣೆಯಬೇಕು. 1968ರಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯ ಹೈಡ್ರಾಮ್ಯಾಟಿಕ್ ವಿಭಾಗದವರು ಈ ಬೀರುಗಳ ಜಾಗದಲ್ಲಿ ಕೂರಬಲ್ಲ ಇಲೆಕ್ಟ್ರಾನಿಕ್ ಸಾಧನವೊಂದು ಬೇಕೆಂದು ಕೇಳಿದರು. ರಿಚರ್ಡ್ ಮಾರ್ಲಿ ಎಂಬ ಎಂಜಿನಿಯರ್ ಮತ್ತು ಅವರ ಜತೆಗಾರರು ರೂಪಿಸಿದ ಪೆಟ್ಟಿಗೆ 1969ರಲ್ಲಿ ಅವರ ಕೈ ಸೇರಿತು. ಅದು ಅವರ ಸಂಸ್ಥೆಯ 84ನೆಯ ಯೋಜನೆ. ಹಾಗಾಗಿ ಮಾಡಿಕಾನ್ 084 ಎಂದೇ ಹೆಸರು. ಇಂದು ಪಿ.ಎಲ್.ಸಿ. ಎಂದು ಕರೆಯುವ ನಿಯಂತ್ರಕಗಳ ಮೂಲಪುರುಷ ಇದು. ಈಗ ಕಾರ್ಖಾನೆಗಳಲ್ಲಷ್ಟೇ ಅಲ್ಲ, ದೊಡ್ಡ ರಂಗಮಂದಿರಗಳ ಏರಿಳಿಯುವ ವೇದಿಕೆ, ವಿನೋದ ಉದ್ಯಾನಗಳ ಆಟ, ಕಾರಂಜಿ ಇವನ್ನೂ ಪಿ.ಎಲ್.ಸಿ.ಗಳು ನಡೆಸುತ್ತವೆ.

ಮಾರ್ಲಿಯವರ ತಂಡ ಒಂದು ವಿವೇಕದ ಕೆಲಸ ಮಾಡಿತು. ಕಾರ್ಖಾನೆಯ ಎಲೆಕ್ಟ್ರೀಷಿಯನ್ನರಿಗೆ ಕಂಪ್ಯೂಟರ್ ಭಾಷೆ ಬಾರದು. ರಿಲೇ ನಕ್ಷೆ ಮಾತ್ರ ಗೊತ್ತು. ಆ ನಕ್ಷೆ ನೋಡುವುದಕ್ಕೆ ಏಣಿಯಂತಿರುತ್ತದೆ: ಎರಡು ಪಕ್ಕದಲ್ಲಿ ಎರಡು ಉದ್ದ ಗೆರೆ, ನಡುವೆ ಮೆಟ್ಟಿಲುಗಳು, ಪ್ರತಿ ಮೆಟ್ಟಿಲಿನಲ್ಲೂ ಎಡಗಡೆ ಷರತ್ತುಗಳು, ಬಲತುದಿಯಲ್ಲಿ ಕೆಲಸ. ಹೊಸ ಪೆಟ್ಟಿಗೆಗೂ ಇದೇ ಏಣಿಯ ನಕ್ಷೆಯನ್ನೇ ಭಾಷೆಯಾಗಿ ಇಟ್ಟುಕೊಂಡರು. ಜನ ತಮಗೆ ಗೊತ್ತಿದ್ದುದನ್ನೇ ಬರೆದರು. ಯಂತ್ರ ಅರ್ಥ ಮಾಡಿಕೊಂಡಿತು. ಹೊಸ ಉಪಕರಣ ತಂದು ಜನರೇ ಬದಲಾಗಬೇಕೆಂದು ಹಟ ಹಿಡಿಯುವವರು ಇದನ್ನು ಗಮನಿಸಬೇಕು.

ಈ ಪೆಟ್ಟಿಗೆ ಕೆಲಸ ಮಾಡುವ ಬಗೆ ಬಹಳ ಸರಳ. ಮೊದಲು ತನಗೆ ಜೋಡಿಸಿದ ಎಲ್ಲ ಸ್ವಿಚ್ಚುಗಳ ಸ್ಥಿತಿಯನ್ನು ಓದಿಕೊಳ್ಳುತ್ತದೆ. ಆಮೇಲೆ ಏಣಿಯ ಮೆಟ್ಟಿಲುಗಳನ್ನು ಒಂದೊಂದಾಗಿ ನೋಡಿ ಯಾವುದರ ಷರತ್ತು ಪೂರೈಸಿದೆ ಎಂದು ಲೆಕ್ಕ ಹಾಕುತ್ತದೆ. ಕೊನೆಗೆ ಅದರಂತೆ ಮೋಟಾರುಗಳಿಗೂ ದೀಪಗಳಿಗೂ ಆಜ್ಞೆ ಹೊರಡಿಸುತ್ತದೆ. ಮತ್ತೆ ಮೊದಲಿನಿಂದ. ಒಂದು ಸುತ್ತಿಗೆ ಹಿಡಿಯುವುದು ಕೆಲವು ಮಿಲಿಸೆಕೆಂಡು ಮಾತ್ರ. ಎಂದರೆ ನೀವು ಒಮ್ಮೆ ಕಣ್ಣು ಮಿಟುಕಿಸುವುದರೊಳಗೆ ಅದು ರಂಗವನ್ನೆಲ್ಲ ಹತ್ತಾರು ಸಲ ನೋಡಿ ಬಂದಿರುತ್ತದೆ.

ಈಗ ನರಸಿಂಹನ ದೃಶ್ಯವನ್ನು ಮತ್ತೆ ಬರೆಯೋಣ. ಕಂಬದ ಹೋಳುಗಳು ಪೂರ್ತಿ ಸರಿದಾಗ ಒತ್ತಲ್ಪಡುವಂತೆ ಎರಡು ಬದಿಗೂ ಒಂದೊಂದು ಸಣ್ಣ ಸ್ವಿಚ್ಚನ್ನು ಇಡುತ್ತೇವೆ. ಇವು ಮಿತಿಸ್ವಿಚ್ಚುಗಳು. ಏಣಿಯ ಮೆಟ್ಟಿಲು ಹೀಗೆ: ಎಡ ಹೋಳಿನ ಸ್ವಿಚ್ಚು ಒತ್ತಿದೆ, ಬಲ ಹೋಳಿನ ಸ್ವಿಚ್ಚು ಒತ್ತಿದೆ, ನರಸಿಂಹ ಇನ್ನೂ ಮೇಲಿನ ಮಿತಿಯನ್ನು ಮುಟ್ಟಿಲ್ಲ, ಈ ಮೂರೂ ನಿಜವಾದರೆ ಮಾತ್ರ ಎತ್ತುವ ಮೋಟಾರು ತಿರುಗಲಿ. ವೋಲ್ಟೇಜು ಇಳಿದು ಕಂಬಕ್ಕೆ 6ರ ಬದಲು 9 ಸೆಕೆಂಡು ಬೇಕಾದರೆ ನರಸಿಂಹ 9 ಸೆಕೆಂಡು ಕಾಯುತ್ತಾನೆ. ಮುಚ್ಚುವಾಗಲೂ ಹಾಗೆಯೇ: ಅವನು ಕೆಳಗಿಳಿದು ತಳದ ಸ್ವಿಚ್ಚನ್ನು ಒತ್ತುವವರೆಗೆ ಕಂಬ ಮುಚ್ಚಲಾರದು. ಹೀಗೆ ಒಂದು ಚಲನೆ ಇನ್ನೊಂದಕ್ಕೆ ಕಾವಲು ನಿಲ್ಲುವುದನ್ನು ಇಂಟರ್‌ಲಾಕ್ ಎನ್ನುತ್ತಾರೆ.

ಸರಿ, ಕಂಬದ ಹಳಿಯಲ್ಲಿ ಮೊಳೆಯೊಂದು ಸಿಕ್ಕಿಕೊಂಡು ಅದು ತೆರೆಯಲೇ ಇಲ್ಲವೆನ್ನಿ. ನರಸಿಂಹ ಕಾಯುತ್ತಲೇ ಇರುತ್ತಾನೆ, ಇತ್ತ ಕಂಬದ ಮೋಟಾರು ತಿಣುಕುತ್ತ ಸುಡುತ್ತದೆ. ಆದ್ದರಿಂದ ಇನ್ನೊಂದು ಮೆಟ್ಟಿಲು ಬೇಕು: ತೆರೆಯುವ ಆಜ್ಞೆ ಕೊಟ್ಟು 12 ಸೆಕೆಂಡು ಕಳೆದರೂ ಮಿತಿಸ್ವಿಚ್ಚು ಒತ್ತದಿದ್ದರೆ ಎಲ್ಲ ಮೋಟಾರುಗಳನ್ನೂ ನಿಲ್ಲಿಸಿ, ಪರದೆಯ ಹಿಂದೆ ಎಚ್ಚರಿಕೆಯ ದೀಪ ಹೊತ್ತಿಸು. ಗಡಿಯಾರಕ್ಕೆ ಇಲ್ಲಿಯೂ ಕೆಲಸವಿದೆ, ಆದರೆ ಈಗ ಅದರ ಪಾತ್ರ ಬೇರೆ. ಮುಂದೆ ಹೋಗು ಎಂದು ಅದು ಹೇಳುವುದಿಲ್ಲ, ಏನೋ ಎಡವಟ್ಟಾಗಿದೆ ಎಂದು ಹೇಳುತ್ತದೆ. ಕ್ರಮವಿಧಿ ಬರೆಯಲು ಕಲಿಯುವವರು ಆಗಬೇಕಾದದ್ದನ್ನು ಚೆನ್ನಾಗಿ ಬರೆಯುತ್ತಾರೆ. ಆಗಬೇಕಾದದ್ದು ಆಗದಿದ್ದರೆ ಏನು ಎಂಬುದನ್ನು ಬರೆಯುವವರು ಕಡಿಮೆ. ನನ್ನ ದೃಷ್ಟಿಯಲ್ಲಿ ಕೆಲಸದ ಮುಕ್ಕಾಲು ಪಾಲು ಅದೇ.

ಮೋಟಾರುಗಳ ಬಗೆಗಳನ್ನು ಕುರಿತು ಎರಡು ಮಾತು ಸಾಕು. ಹಕ್ಕಿಯ ಕತ್ತು, ಬೊಂಬೆಯ ಕಣ್ಣು ಮುಂತಾದ ಸಣ್ಣ ಚಲನೆಗೆ ಆಟದ ವಿಮಾನಗಳಲ್ಲಿ ಬಳಸುವ ಸರ್ವೋ ಬಹಳ ಅನುಕೂಲ. ಪ್ರತಿ 20 ಮಿಲಿಸೆಕೆಂಡಿಗೆ ಅದಕ್ಕೆ ಒಂದು ಮಿಡಿತ ಕಳಿಸಬೇಕು. ಮಿಡಿತದ ಅಗಲ 1 ಮಿಲಿಸೆಕೆಂಡಾದರೆ ಒಂದು ತುದಿಗೆ, 2 ಆದರೆ ಇನ್ನೊಂದು ತುದಿಗೆ, ಒಂದೂವರೆ ಆದರೆ ನಡುವಿಗೆ ಅದರ ಕೈ ತಿರುಗಿ ನಿಲ್ಲುತ್ತದೆ. ತಾನು ಎಲ್ಲಿದ್ದೇನೆ ಎಂದು ಅಳೆಯುವ ಪುಟ್ಟ ವಿಭವಮಾಪಕ ಅದರ ಹೊಟ್ಟೆಯಲ್ಲೇ ಇದೆ. ಸ್ಟೆಪ್ಪರ್ ಮೋಟಾರು ಹೆಜ್ಜೆ ಹೆಜ್ಜೆಯಾಗಿ ತಿರುಗುತ್ತದೆ, ಸಾಮಾನ್ಯವಾಗಿ ಒಂದು ಸುತ್ತಿಗೆ 200 ಹೆಜ್ಜೆ. ಆದರೆ ಭಾರ ಹೆಚ್ಚಾಗಿ ಹೆಜ್ಜೆ ತಪ್ಪಿದರೆ ಅದು ಯಾರಿಗೂ ಹೇಳುವುದಿಲ್ಲ. ಇದೂ ಕುರುಡರ ಪಂಗಡಕ್ಕೆ ಸೇರಿದ್ದು. ಭಾರ ಎತ್ತುವುದಕ್ಕೆ ತಿರುಪು ಗಿಯರು ಇರುವ ಮೋಟಾರು ಒಳ್ಳೆಯದು. ಹಲ್ಲುಗಳ ಓರೆ ಕಡಿಮೆಯಿರುವ ತಿರುಪು ಗಿಯರಿನಲ್ಲಿ ಮೋಟಾರು ಗಿಯರನ್ನು ತಿರುಗಿಸಬಲ್ಲದು, ಗಿಯರು ಮೋಟಾರನ್ನು ತಿರುಗಿಸಲಾರದು; ಹೀಗಾಗಿ ವಿದ್ಯುತ್ತು ಹೋದೊಡನೆ ನರಸಿಂಹ ದಬಕ್ಕನೆ ಬೀಳುವುದಿಲ್ಲ.

ಬೆಳಕಿನ ಲೆಕ್ಕ

ದೀಪಗಳ ಜಗತ್ತೇ ಬೇರೆ. ತಂತಿಯ ಬಲ್ಬನ್ನು ಮಂಕಾಗಿಸುವುದಕ್ಕೆ ಟ್ರಯಾಕ್ ಎಂಬ ಅರೆವಾಹಕ ಸ್ವಿಚ್ಚನ್ನು ಬಳಸುತ್ತಾರೆ. ನಮ್ಮ ಮನೆಯ ವಿದ್ಯುತ್ತು ಸೆಕೆಂಡಿಗೆ 50 ಸಲ ಆವರ್ತಿಸುತ್ತದೆ, ಎಂದರೆ 100 ಅರ್ಧ ಅಲೆಗಳು, ಒಂದೊಂದಕ್ಕೆ 10 ಮಿಲಿಸೆಕೆಂಡು. ಪ್ರತಿ ಅರ್ಧ ಅಲೆಯಲ್ಲೂ 5 ಮಿಲಿಸೆಕೆಂಡು ತಡಮಾಡಿ ಸ್ವಿಚ್ಚು ತೆರೆದರೆ ಬಲ್ಬಿಗೆ ಅರ್ಧದಷ್ಟು ಶಕ್ತಿ ಹೋಗುತ್ತದೆ. ಬೆಳಕು ಮಾತ್ರ ಅರ್ಧಕ್ಕಿಂತ ಬಹಳ ಕಡಿಮೆಯಾಗುತ್ತದೆ, ಏಕೆಂದರೆ ತಣಿದ ತಂತಿ ಬೆಳಗುವುದಕ್ಕಿಂತ ಬರಿದೇ ಕಾಯುವುದೇ ಹೆಚ್ಚು. ಹೀಗೆ ಅಲೆಯನ್ನು ತಟ್ಟನೆ ಕತ್ತರಿಸುವುದರಿಂದ ಹತ್ತಿರದ ಮೈಕಿನ ತಂತಿಗಳಲ್ಲಿ ಗುಂಯ್‌ಗುಡುವ ಸದ್ದು ಸೇರುತ್ತದೆ. ಸ್ಟುಡಿಯೋದಲ್ಲಿ ದೀಪದ ತಂತಿಯನ್ನೂ ಮೈಕಿನ ತಂತಿಯನ್ನೂ ದೂರ ದೂರ ಎಳೆಯುವುದು ಈ ಕಾರಣಕ್ಕೆ. ಎಲ್.ಇ.ಡಿ. ದೀಪಗಳನ್ನು ಮಂಕಾಗಿಸಲು ಬಹಳ ವೇಗವಾಗಿ ಹಚ್ಚಿ ಆರಿಸುವ ಉಪಾಯವಿದೆ. ಕಣ್ಣಿಗೆ ಅದು ತಿಳಿಯದು; ಆದರೆ ವೇಗ ಸಾಲದಿದ್ದರೆ ಕ್ಯಾಮರಾ ಅದನ್ನು ಪಟ್ಟೆಪಟ್ಟೆಯಾಗಿ ಹಿಡಿದು ತೋರಿಸಿ ನಮ್ಮ ಮಾನ ಕಳೆಯುತ್ತದೆ.

ಒಲೆಯ ಬೆಂಕಿಯನ್ನು ಬಲ್ಬಿನಿಂದ ತೋರಿಸುವುದು ಹೇಗೆ? ಹತ್ತಿಪ್ಪತ್ತು ಏರಿಳಿತಗಳ ಪಟ್ಟಿಯನ್ನು ಬರೆದು ಸುತ್ತಿಸಿದರೆ ಸಾಲದು. ಎರಡನೆಯ ಸುತ್ತಿಗೇ ಕಣ್ಣು ಅದನ್ನು ಗುರುತು ಹಿಡಿಯುತ್ತದೆ. ಬೆಂಕಿಗೆ ತಾಳವಿಲ್ಲ. ಆದುದರಿಂದ ನಿಯಂತ್ರಕದಲ್ಲಿ ಲಾಟರಿ ಎತ್ತಿದಂಥ ಸಂಖ್ಯೆಗಳನ್ನು ಹುಟ್ಟಿಸಬೇಕು. ಸೊನ್ನೆ ಮತ್ತು ಒಂದುಗಳ ಒಂದು ಸಾಲನ್ನು ಒಂದೊಂದು ಸ್ಥಾನ ಜರುಗಿಸುತ್ತ, ಆಯ್ದ ಕೆಲವು ಸ್ಥಾನಗಳ ಅಂಕಿಗಳನ್ನು ಬೆರೆಸಿ ತೆರವಾದ ಜಾಗಕ್ಕೆ ತುಂಬುವುದು ಒಂದು ಸುಲಭ ವಿಧಾನ. 8 ಅಂಕಿಗಳ ಸಾಲಾದರೆ ಹೆಚ್ಚೆಂದರೆ 255 ಸಂಖ್ಯೆಗಳ ನಂತರ ಅದೇ ಕ್ರಮ ಮರಳುತ್ತದೆ. ಸೆಕೆಂಡಿಗೆ 20 ಸಲ ಬೆಳಕು ಬದಲಾಗುವುದಾದರೆ ಸುಮಾರು 13 ಸೆಕೆಂಡಿಗೊಮ್ಮೆ. 16 ಅಂಕಿಗಳ ಸಾಲಾದರೆ 65,535 ಸಂಖ್ಯೆಗಳು, ಎಂದರೆ ಸುಮಾರು 54 ನಿಮಿಷ. ಅಷ್ಟು ಹೊತ್ತು ಒಲೆಯನ್ನೇ ನೋಡುತ್ತ ಕೂರುವ ಪ್ರೇಕ್ಷಕ ಸಿಕ್ಕುವುದಿಲ್ಲ. ಗುಡುಗು ಮಿಂಚಿಗೂ ಒಂದು ಕಿವಿಮಾತು. ಶಬ್ದ ಒಂದು ಕಿಲೋಮೀಟರು ಸಾಗಲು ಸುಮಾರು 3 ಸೆಕೆಂಡು ಬೇಕು. ಮಿಂಚಿನೊಡನೆಯೇ ಗುಡುಗಿದರೆ ಸಿಡಿಲು ತಲೆಯ ಮೇಲೇ ಬಿದ್ದಂತೆ. ಮೂರು ಸೆಕೆಂಡು ತಡೆದರೆ ಮಳೆ ಪಕ್ಕದೂರಿನಲ್ಲಿದೆ. ಅಂತರವನ್ನು ಸಲಸಲಕ್ಕೂ ಕಡಿಮೆ ಮಾಡುತ್ತ ಬಂದರೆ ಬಿರುಗಾಳಿ ಹತ್ತಿರ ಬರುತ್ತಿರುವಂತೆ ಪ್ರೇಕ್ಷಕರಿಗೆ ಭಾಸವಾಗುತ್ತದೆ.

ಬಹುಸಂಖ್ಯೆಯ ದೀಪಗಳಿಗೆ ಒಂದೇ ಕಡೆಯಿಂದ ಆಜ್ಞೆ ಕಳಿಸಲು 1986ರಲ್ಲಿ ಅಮೆರಿಕದ ರಂಗತಂತ್ರಜ್ಞರ ಸಂಸ್ಥೆಯೊಂದು ಡಿ.ಎಂ.ಎಕ್ಸ್. 512 ಎಂಬ ನಿಯಮಾವಳಿಯನ್ನು ರೂಪಿಸಿತು. ಇಂದು ಜಗತ್ತಿನಾದ್ಯಂತ ರಂಗದೀಪಗಳು ಆಡುವ ಭಾಷೆ ಇದು. ಒಂದು ಜೊತೆ ತಂತಿಯ ಮೇಲೆ 512 ಸಂಖ್ಯೆಗಳು ಸಾಲಾಗಿ ಹೋಗುತ್ತವೆ, ಪ್ರತಿಯೊಂದೂ 0ಯಿಂದ 255ರೊಳಗೆ. ಪ್ರತಿ ದೀಪವೂ ಸಾಲಿನಲ್ಲಿ ತನ್ನ ಸರದಿಯ ಸಂಖ್ಯೆಯನ್ನು ಮಾತ್ರ ಆಯ್ದುಕೊಳ್ಳುತ್ತದೆ. ಪೂರ್ತಿ ಸಾಲು ಸೆಕೆಂಡಿಗೆ ಸುಮಾರು 44 ಸಲ ಮರಳಿ ಮರಳಿ ಹೋಗುತ್ತದೆ. 'ತಲುಪಿತು' ಎಂಬ ಉತ್ತರವಿಲ್ಲ. ದಾರಿಯಲ್ಲಿ ಸಂಖ್ಯೆ ಕೆಟ್ಟರೆ ಅದನ್ನು ಹಿಡಿಯುವ ಪರೀಕ್ಷೆಯೂ ಇಲ್ಲ. ಹೌದು, ಇದೂ ಕುರುಡೇ! ಆದರೆ ದೀಪಕ್ಕೆ ಇದು ಸಾಕು. ಒಂದು ಸಂಖ್ಯೆ ಕೆಟ್ಟರೆ ಸೆಕೆಂಡಿನ 44ನೆಯ ಒಂದು ಭಾಗದಲ್ಲಿ ಸರಿಯಾದದ್ದು ಬರುತ್ತದೆ. ಯಾರ ಕಣ್ಣಿಗೂ ಬೀಳದು.

ಅದೇ ತಂತಿಗೆ ನರಸಿಂಹನ ಮೋಟಾರನ್ನೂ ಜೋಡಿಸಿಬಿಡೋಣ ಎಂಬ ಆಸೆ ಸಹಜ. ಅಗ್ಗ, ಸುಲಭ. ಈ ಆಸೆಗೆ ನಿಯಮಾವಳಿಯೇ ಅಡ್ಡ ನಿಲ್ಲುತ್ತದೆ. ದೋಷ ಪರೀಕ್ಷೆ ಇಲ್ಲದ ಕಾರಣ ಸಿಡಿಮದ್ದು, ಚಲಿಸುವ ರಂಗಯಂತ್ರ ಮುಂತಾಗಿ ಮನುಷ್ಯರಿಗೆ ಅಪಾಯ ತರಬಲ್ಲ ಸಾಧನಗಳಿಗೆ ಈ ವಿಧಾನ ತಕ್ಕುದಲ್ಲ ಎಂದು ಅದು ಎಚ್ಚರಿಸುತ್ತದೆ. ದೀಪಕ್ಕೆ ತಪ್ಪು ಸಂಖ್ಯೆ ಬಂದರೆ ಒಂದು ಮಿಣುಕು. ಕಂಬದ ಬಿರುಕಿನಲ್ಲಿ ಬೆರಳಿಟ್ಟ ಮಗುವಿನ ಪಾಲಿಗೆ ಅದು ಮಿಣುಕಲ್ಲ. ಹಬ್ಬದ ಗದ್ದಲದಲ್ಲಿ ಮಕ್ಕಳು ಹಗ್ಗ ದಾಟಿ ಬೊಂಬೆಯನ್ನು ಮುಟ್ಟಲು ಬರುತ್ತಾರೆ ಎಂಬುದನ್ನು ಬಲ್ಲವರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ.

ಇದಕ್ಕಾಗಿಯೇ ಕೆಂಪು ಬಣ್ಣದ ತುರ್ತು ನಿಲುಗಡೆಯ ಗುಂಡಿ ಬೇಕು. ಅದನ್ನು ಜೋಡಿಸುವ ರೀತಿಯಲ್ಲಿ ಎರಡು ಸೂಕ್ಷ್ಮಗಳಿವೆ. ಒಂದು, ಗುಂಡಿ ಕ್ರಮವಿಧಿಯನ್ನು ಕೇಳಿಕೊಂಡು ಕೂರಬಾರದು. ಮೋಟಾರಿನ ವಿದ್ಯುತ್ತನ್ನು ಅದು ನೇರವಾಗಿ ಕಡಿಯಬೇಕು. ಕ್ರಮವಿಧಿಯೇ ಕೆಟ್ಟಿದ್ದಾಗ ಅದರ ಅಪ್ಪಣೆ ಪಡೆಯುವುದು ಹೇಗೆ? ಎರಡು, ಗುಂಡಿಯ ಮಂಡಲ ಸದಾ ಕೂಡಿಕೊಂಡಿದ್ದು ಒತ್ತಿದಾಗ ಬಿಡಿಸಿಕೊಳ್ಳಬೇಕು. ಇದು ಮೊದಲಿಗೆ ತಿರುವುಮುರುವು ಎನಿಸೀತು. ಒತ್ತಿದಾಗ ಕೂಡುವ ಗುಂಡಿಯನ್ನು ಇಟ್ಟು, ಅದರ ತಂತಿಯನ್ನು ಇಲಿ ಕಡಿದಿದೆ ಎಂದುಕೊಳ್ಳಿ. ಯಾರಿಗೂ ಗೊತ್ತಾಗುವುದಿಲ್ಲ, ಆಪತ್ತಿನಲ್ಲಿ ಒತ್ತಿದಾಗ ಮಾತ್ರ ಗುಂಡಿ ಸತ್ತಿರುವುದು ತಿಳಿಯುತ್ತದೆ. ಸದಾ ಕೂಡಿರುವ ಮಂಡಲದಲ್ಲಾದರೆ ಇಲಿ ತಂತಿ ಕಡಿದ ಕ್ಷಣವೇ ಯಂತ್ರ ನಿಲ್ಲುತ್ತದೆ. ಇಲಿಯೂ ಗುಂಡಿ ಒತ್ತಿದಂತಾಯಿತು.

ಇದನ್ನೆಲ್ಲ ಮಾಡಿ ನೋಡಲು ಕಾರ್ಖಾನೆಯ ಪಿ.ಎಲ್.ಸಿ. ಬೇಕಾಗಿಲ್ಲ. 2005ರಲ್ಲಿ ಇಟಲಿಯ ಇವ್ರೆಯ ಪಟ್ಟಣದಲ್ಲಿ, ಎಲೆಕ್ಟ್ರಾನಿಕ್ಸ್ ಓದದ ವಿನ್ಯಾಸ ವಿದ್ಯಾರ್ಥಿಗಳಿಗಾಗಿ ಹುಟ್ಟಿದ ಆರ್ಡುಯಿನೊ ಎಂಬ ಸಣ್ಣ ಫಲಕವೂ ಅದರ ಅನುಕರಣೆಗಳೂ ಈಗ ದೊರೆಯುತ್ತವೆ. ಶೂ ಪೆಟ್ಟಿಗೆಯ ರಟ್ಟಿನಲ್ಲಿ ಒಂದು ಗೇಣಿನ ಕಂಬ ಮಾಡಿ; ಎರಡು ಸರ್ವೋ ಮೋಟಾರು, ಎರಡು ಮಿತಿಸ್ವಿಚ್ಚು, ಒಂದು ಕೆಂಪು ಎಲ್.ಇ.ಡಿ. ಸಾಕು. ಸರ್ವೋಗಳಿಗೆ 5 ವೋಲ್ಟು ಪ್ರತ್ಯೇಕವಾಗಿ ಕೊಡಿ. ಫಲಕದಿಂದಲೇ ಎಳೆದರೆ ಅದು ನಡುನಡುವೆ ಎಚ್ಚರ ತಪ್ಪುತ್ತದೆ. ಮನೆಯ 230 ವೋಲ್ಟಿನ ಗೋಜಿಗೆ ನೀವಾಗಿ ಹೋಗಬೇಡಿ. ಅದನ್ನು ಮುಟ್ಟಬೇಕಾದವರು ಬಲ್ಲ ಎಲೆಕ್ಟ್ರೀಷಿಯನ್ನರು. ಸರ್ವೋವನ್ನು ಒಂದೇ ನೆಗೆತಕ್ಕೆ ತಿರುಗಿಸದೆ, ಮೊದಲು ನಿಧಾನ, ನಡುವೆ ಚುರುಕು, ಕೊನೆಗೆ ಮತ್ತೆ ನಿಧಾನ ಬರುವಂತೆ ಸಣ್ಣ ಸಣ್ಣ ಹೆಜ್ಜೆಗಳ ಪಟ್ಟಿ ಬರೆಯಿರಿ. ರಟ್ಟಿನ ಬೊಂಬೆಗೂ ತೂಕ ಬಂದಂತೆ ಕಾಣುತ್ತದೆ.

ಎಲ್ಲವೂ ಸರಿಯಾಗಿ ನಡೆದ ಮೇಲೆ ಇನ್ನೊಂದು ಪರೀಕ್ಷೆ ಉಳಿದಿದೆ. ಆಟ ನಡೆಯುತ್ತಿರುವಾಗಲೇ, ಕಂಬ ತೆರೆಯುವ ಮುನ್ನ, ಒಂದು ಮಿತಿಸ್ವಿಚ್ಚಿನ ತಂತಿಯನ್ನು ಕಳಚಿಬಿಡಿ. ಕಂಬ ತೆರೆಯುತ್ತದೆ. ನರಸಿಂಹ ಕೆಳಗೇ ಇರಬೇಕು. ಹನ್ನೆರಡನೆಯ ಸೆಕೆಂಡಿಗೆ ಕೆಂಪು ದೀಪ ಹೊತ್ತಬೇಕು.